ಹಿತ್ತಲ ಕೋಳಿ ಮತ್ತು ಹಕ್ಕಿಜ್ವರ: ಕೊಡಗಿನಿಂದ ಒಂದು ಸಮೀಕ್ಷೆ

ಕೊಡಗಿನಲ್ಲಿ ಕೋಳಿ ಸಾಕದ ಮನೆ ವಿರಳ. ಐನ್‌ಮನೆಯ ಹಿತ್ತಲಲ್ಲಾಗಲಿ, ಗದ್ದೆಯಂಚಿನ ಸಣ್ಣ ಹಿಡುವಳಿದಾರನ ಅಂಗಳದಲ್ಲಾಗಲಿ, ಕಾಫಿ ತೋಟದ ಲೈನ್‌ಮನೆಗಳ ಹಿಂಬದಿಯಲ್ಲಾಗಲಿ, ಬೆಳಗಾದೊಡನೆ ಗೂಡಿನಿಂದ ಹೊರಬಿಟ್ಟ ನಾಟಿಕೋಳಿಗಳು ಗೊಬ್ಬರದ ಗುಂಡಿಯನ್ನೂ ಬಾಳೆಯ ಬುಡವನ್ನೂ ಕಾಫಿಗಿಡಗಳ ಕೆಳಗಿನ ತರಗೆಲೆಯನ್ನೂ ಕೆದಕುತ್ತ ತಮ್ಮ ಆಹಾರವನ್ನು ತಾವೇ ಸಂಪಾದಿಸಿಕೊಂಡು, ಹೊತ್ತು ಮುಳುಗುವ ಮುನ್ನ ಮರಳಿ ಗೂಡು ಸೇರುವುದು ಇಲ್ಲಿಯ ಜೀವನಕ್ರಮದ ಒಂದು ಅಂಗವೇ ಆಗಿದೆ. ಕೈಲ್‌ಪೊಳ್ದಿನ ಊಟಕ್ಕೂ, ಹೇಳದೆ ಬಂದ ನೆಂಟನಿಗೆ ಬಡಿಸುವ ನೂಪುಟ್ಟಿಗೂ, ಊರ ದೇವತೆಯ ಹರಕೆಗೂ ಒದಗುವುದು ಈ ಕೋಳಿಯೇ. ತೋಟದಲ್ಲಿ ಕೂಲಿಮಾಡುವ ಹೆಂಗಸಿಗೆ ಸಂತೆಯ ದಿನ ಕೈಗೆ ನಾಲ್ಕು ಕಾಸು ತರುವುದೂ ಇದೇ. ಇಂಥ ನಾಡಿನಲ್ಲಿ ಹಕ್ಕಿಜ್ವರದ ಮಾತನ್ನೆತ್ತುವಾಗ, ಅದು ಸಾವಿರಾರು ಕೋಳಿಗಳನ್ನು ಒಂದೇ ಸೂರಿನಡಿ ಕೂಡಿಹಾಕಿದ ದೊಡ್ಡ ಫಾರಂಗಳವರ ಚಿಂತೆಯೆಂದೋ, ದೂರದ ಚೀನಾ ದೇಶದ ಸಮಾಚಾರವೆಂದೋ ಭಾವಿಸಿ ಸುಮ್ಮನಿರುವುದು ಸಾಧ್ಯವಿಲ್ಲ. ಎಚ್5ಎನ್1 ಎಂಬ ತಳಿಯು ಜಗತ್ತಿನಲ್ಲಿ ಮನುಷ್ಯರನ್ನು ಮುಟ್ಟಿದ ಪ್ರಸಂಗಗಳನ್ನು ಒಟ್ಟಾಗಿ ಪರಿಶೀಲಿಸಿದರೆ, ಅವುಗಳಲ್ಲಿ ಬಹುಪಾಲು ಹುಟ್ಟಿದುದು ಇಂಥ ಹಿತ್ತಲುಗಳಲ್ಲಿಯೇ ಎಂಬುದು ವ್ಯಕ್ತವಾಗುವುದು.

ರೋಗವೇನೋ ಹಳೆಯದು. ಇಟಲಿಯ ಉತ್ತರ ಭಾಗದಲ್ಲಿ ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ಒಂದು ವ್ಯಾಧಿಯನ್ನು ಪೆರೋನ್ಚಿತೋ ಎಂಬ ವಿದ್ವಾಂಸನು 1878ರಲ್ಲಿ ವರ್ಣಿಸಿದನು. ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಸೋಸುಕವನ್ನೂ ದಾಟಿಹೋಗುವಷ್ಟು ಸೂಕ್ಷ್ಮವಾದ ಕಾರಕವೊಂದು ಅದಕ್ಕೆ ಮೂಲವೆಂದು 1901ರಲ್ಲಿ ತಿಳಿದುಬಂದಿತು. ಆದರೆ ಕೋಳಿಯ ಪ್ಲೇಗು ಎನಿಸಿಕೊಂಡಿದ್ದ ಆ ವ್ಯಾಧಿಯ ವೈರಾಣುವೂ ಮನುಷ್ಯರ ಇನ್‌ಫ್ಲುಯೆಂಜದ ವೈರಾಣುವೂ ಒಂದೇ ಕುಲಕ್ಕೆ ಸೇರಿದವೆಂಬುದು ಸಿದ್ಧವಾದದ್ದು 1955ರಲ್ಲಿ, ಜರ್ಮನಿಯ ಶೇಫರ್ ಎಂಬಾತನ ಪ್ರಯೋಗಗಳಿಂದ. ಈ ಕುಲದ ವೈರಾಣುಗಳ ಮೈಮೇಲೆ ಎರಡು ಬಗೆಯ ಪ್ರೋಟೀನುಗಳಿವೆ. ಎಚ್ ಎಂಬುದು ಜೀವಕೋಶಕ್ಕೆ ಅಂಟಿಕೊಂಡು ಒಳಹೊಗಲು ಬೇಕಾದದ್ದು. ಎನ್ ಎಂಬುದು, ಒಳಗೆ ಹುಟ್ಟಿದ ಮರಿವೈರಾಣುಗಳು ಕೋಶದಿಂದ ಬಿಡಿಸಿಕೊಂಡು ಹೊರಬರಲು ಬೇಕಾದದ್ದು. ಹಕ್ಕಿಗಳಲ್ಲಿ ಬಹುಕಾಲದಿಂದ ಗುರುತಿಸಲ್ಪಟ್ಟಿರುವ 16 ಬಗೆಯ ಎಚ್‌ಗಳೂ 9 ಬಗೆಯ ಎನ್‌ಗಳೂ ಇದ್ದು, ಅವುಗಳ ಜೋಡಣೆಯಿಂದಲೇ ತಳಿಗೆ ಹೆಸರು. ಕಾಡುಬಾತು, ಹೆಬ್ಬಾತು ಮೊದಲಾದ ನೀರುಹಕ್ಕಿಗಳ ಕರುಳಿನಲ್ಲಿ ಇವು ಸಾಮಾನ್ಯವಾಗಿ ಯಾವ ಕೇಡನ್ನೂ ಮಾಡದೆ ಅನಾದಿಯಿಂದ ವಾಸಿಸಿಕೊಂಡು ಬಂದಿವೆ.

ಕೇಡು ಉಂಟಾಗುವುದು ಅವು ಕೋಳಿಗಳನ್ನು ಸೇರಿದ ಮೇಲೆ. ಎಚ್ ಪ್ರೋಟೀನು ತನ್ನ ಕೆಲಸವನ್ನು ಮಾಡಬೇಕಾದರೆ ಅದನ್ನು ಒಂದು ಸ್ಥಾನದಲ್ಲಿ ಕತ್ತರಿಸುವ ಕಿಣ್ವ ಬೇಕು. ಸೌಮ್ಯ ತಳಿಗಳಿಗೆ ಒಪ್ಪುವ ಕಿಣ್ವಗಳು ಕರುಳು ಮತ್ತು ಶ್ವಾಸಮಾರ್ಗಗಳಲ್ಲಿ ಮಾತ್ರ ಇರುವುದರಿಂದ ಸೋಂಕು ಅಲ್ಲಿಯೇ ನಿಲ್ಲುವುದು. ಎಚ್5 ಮತ್ತು ಎಚ್7 ಎಂಬ ಎರಡು ಬಗೆಗಳಲ್ಲಿ, ವೈರಾಣುವು ಕೋಳಿಯಿಂದ ಕೋಳಿಗೆ ಸಾಗುತ್ತಿರುವಾಗ ಆ ಕತ್ತರಿಕೆಯ ಸ್ಥಾನವು ಮಾರ್ಪಟ್ಟು, ದೇಹದ ಸಕಲ ಅಂಗಗಳಲ್ಲಿಯೂ ಇರುವ ಕಿಣ್ವವೇ ಅದಕ್ಕೆ ಸಾಕಾಗುವಂತಾಗುತ್ತದೆ. ಆಗ ಹೃದಯ, ಮಿದುಳು, ಯಕೃತ್ತು ಯಾವುದೂ ಉಳಿಯುವುದಿಲ್ಲ. ನಿನ್ನೆ ಸಂಜೆ ಮೇವು ತಿಂದ ಕೋಳಿ ಇಂದು ಬೆಳಗ್ಗೆ ಗೂಡಿನೊಳಗೇ ಸತ್ತು ಬಿದ್ದಿರುವುದು. ಬದುಕಿದ್ದುದರ ಮುಖ ಊದಿ, ಜುಟ್ಟು ಮತ್ತು ಗಲ್ಲದ ತೊಗಲು ನೇರಳೆಬಣ್ಣಕ್ಕೆ ತಿರುಗಿ, ಕಾಲಿನ ಹುರುಪೆಯ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೆಂಪು ಕಲೆಗಳು ಮೂಡುವುವು. ಮೊಟ್ಟೆಯಿಡುವುದು ನಿಲ್ಲುವುದು, ಇಟ್ಟರೂ ಓಡು ಮೆತ್ತಗಿರುವುದು. ಹಸಿರು ಭೇದಿ ಆಗುವುದು. ಸಾಕಿದ ಬಾತುಗಳಾದರೋ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸದೆ ವೈರಾಣುವನ್ನು ನೀರಿಗೂ ಕೆಸರಿಗೂ ಸುರಿಯುತ್ತ ತಿರುಗಾಡುವುವು.

ಇಲ್ಲಿ ಹಳ್ಳಿಯ ಅನುಭವದ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ರಾಣಿಖೇತ್ ಎಂದು ವೈದ್ಯರು ಹೇಳುವ ಕೊಕ್ಕರೆ ರೋಗವು ನಮ್ಮ ಹಿತ್ತಲುಗಳಿಗೆ ಬಹು ಪರಿಚಿತವಾದದ್ದು. ಅದು ಬಂದಾಗಲೂ ಕೋಳಿಗಳು ತೂಕಡಿಸಿ, ಹಸಿರು ಭೇದಿಯಾಗಿ, ಕತ್ತು ತಿರುಚಿಕೊಂಡು ಸಾಲುಸಾಲಾಗಿ ಸಾಯುವುವು. ಹೀಗಿರಲಾಗಿ ಹತ್ತು ಕೋಳಿ ಸತ್ತುವೆಂದು ಯಾರೂ ಗಾಬರಿಗೊಂಡು ಪಶುವೈದ್ಯರ ಬಳಿಗೆ ಓಡುವುದಿಲ್ಲ. ಸತ್ತವನ್ನು ತೋಟದ ಮೂಲೆಗೆ ಎಸೆಯುವುದು, ಜಡವಾಗಿ ಕುಳಿತವನ್ನು ಸಾಯುವ ಮುನ್ನವೇ ಕುಯ್ದು ಸಾರಿಗಿಡುವುದು, ಇನ್ನೂ ಚೆನ್ನಾಗಿರುವಂತೆ ಕಾಣುವುದನ್ನು ಸಂತೆಗೆ ಒಯ್ದು ಬಂದ ಬೆಲೆಗೆ ಮಾರುವುದು, ಇವು ಬಡತನವೂ ಅನುಭವವೂ ಕೂಡಿ ಕಲಿಸಿದ ನಡವಳಿಕೆಗಳು. ಕೊಕ್ಕರೆ ರೋಗದಲ್ಲಿ ಇವುಗಳಿಂದ ಮನುಷ್ಯನಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ. ಹಕ್ಕಿಜ್ವರದಲ್ಲಿ ಈ ಮೂರೂ ಅಪಾಯದ ದಾರಿಗಳು. ಮತ್ತು ಎರಡು ರೋಗಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ನುರಿತ ವೈದ್ಯನಿಗೂ ಸಾಧ್ಯವಾಗದು.

ಈಗ ನಮ್ಮನ್ನು ಕಾಡುತ್ತಿರುವ ತಳಿಯ ವಂಶಾವಳಿಯು 1996ರಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಒಂದು ಹೆಬ್ಬಾತಿನಿಂದ ಆರಂಭವಾಗುತ್ತದೆ. ಮರುವರ್ಷ ಹಾಂಗ್‌ಕಾಂಗಿನಲ್ಲಿ ಮೂರು ವರ್ಷದ ಬಾಲಕನೊಬ್ಬನು ಜ್ವರದಿಂದ ತೀರಿಕೊಂಡನು; ಅವನ ಗಂಟಲಿನಿಂದ ತೆಗೆದ ವೈರಾಣುವು ಯಾವ ಪರಿಚಿತ ಮಾನವ ತಳಿಗೂ ಹೊಂದದೆ, ಕೊನೆಗೆ ಅದು ಎಚ್5ಎನ್1 ಎಂದು ಗೊತ್ತಾದಾಗ, ಹಕ್ಕಿಯ ಇನ್‌ಫ್ಲುಯೆಂಜವು ನೇರವಾಗಿ ಮನುಷ್ಯನನ್ನು ಕೊಲ್ಲಲಾರದೆಂಬ ಅಂದಿನ ನಂಬಿಕೆ ಕುಸಿಯಿತು. ವರ್ಷದ ಅಂತ್ಯದೊಳಗೆ 18 ಮಂದಿಗೆ ಸೋಂಕು ತಗಲಿ 6 ಮಂದಿ ಮೃತರಾದರು. ಜೀವಂತ ಕೋಳಿಗಳನ್ನು ಮಾರುವ ಪೇಟೆಗಳೇ ಮೂಲವೆಂದು ಕಂಡುಕೊಂಡ ಅಲ್ಲಿಯ ಸರ್ಕಾರವು ಡಿಸೆಂಬರಿನ ಕೊನೆಯಲ್ಲಿ ಕೆಲವೇ ದಿನಗಳೊಳಗೆ ನಗರದ ಸಮಸ್ತ ಕೋಳಿಗಳನ್ನು, ಹತ್ತು ಲಕ್ಷಕ್ಕೂ ಮೀರಿದ ಸಂಖ್ಯೆಯಲ್ಲಿ, ಕೊಲ್ಲಿಸಿತು. ಅದರೊಡನೆ ಮನುಷ್ಯರ ಸೋಂಕೂ ನಿಂತಿತು. ಆ ಕಠಿನ ನಿರ್ಧಾರವು ಸರಿಯಾಗಿದ್ದಿತೆಂಬುದೇ ನನ್ನ ಅಭಿಪ್ರಾಯ. ಆದರೆ ಹಾಂಗ್‌ಕಾಂಗು ಒಂದು ಸಣ್ಣ, ಶ್ರೀಮಂತ, ಬಿಗಿಯಾದ ಆಡಳಿತವುಳ್ಳ ನಗರವೆಂಬುದನ್ನು ಮರೆತು, ಅದೇ ವಿಧಾನವನ್ನು ಹಳ್ಳಿಗಳ ದೇಶಕ್ಕೆ ಹಾಗೆಯೇ ಅನ್ವಯಿಸಲು ಹೊರಟಾಗ ಬರುವ ತೊಡಕುಗಳನ್ನು ಮುಂದೆ ನೋಡಲಿದ್ದೇವೆ.

ನಿರ್ಮೂಲವಾಯಿತೆಂದುಕೊಂಡ ವೈರಾಣುವು 2003–04ರಲ್ಲಿ ವಿಯೆಟ್ನಾಂ, ಥಾಯ್ಲೆಂಡ್, ಇಂಡೋನೇಷ್ಯಾಗಳಲ್ಲಿ ತಲೆಯೆತ್ತಿತು. 2005ರ ಬೇಸಗೆಯಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ವಲಸೆಹಕ್ಕಿಗಳು ಸತ್ತುವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಅಧಿಕ. ಹಿಮಾಲಯವನ್ನು ಹಾರಿ ದಾಟುವ ಈ ಹೆಬ್ಬಾತು ನಮಗೆ ಅಪರಿಚಿತವಲ್ಲ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಮೈಸೂರು ಜಿಲ್ಲೆಯ ಹದಿನಾರು ಕೆರೆಗೂ ಬಂದಿಳಿಯುವ ಅತಿಥಿ ಅದೇ. ಹಾಗೆಂದು ಪ್ರತಿಯೊಂದು ಅನರ್ಥವನ್ನೂ ಬಾನಹಕ್ಕಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಉರುಳಿದಾಗಲೂ ಮೊದಲು ಎದ್ದ ಕೂಗು ಹಕ್ಕಿಜ್ವರದ್ದೇ. ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯ ಜಂತುಹುಳು. ಒಂದು ದೇಶದಿಂದ ಮತ್ತೊಂದಕ್ಕೆ ವೈರಾಣುವನ್ನು ತರುವುದರಲ್ಲಿ ವಲಸೆಹಕ್ಕಿಗಳಿಗೆ ಪಾತ್ರವುಂಟು; ಬಂದ ಮೇಲೆ ಊರಿಂದೂರಿಗೆ ಹಂಚುವುದು ಬಹುಮಟ್ಟಿಗೆ ಮನುಷ್ಯರ ವ್ಯಾಪಾರ, ಎಂದರೆ ಲಾರಿ, ಕೋಳಿ ತುಂಬುವ ಪೆಟ್ಟಿಗೆ, ಮೊಟ್ಟೆಯ ಟ್ರೇ, ಕೆಲಸದವನ ಚಪ್ಪಲಿ, ಗೊಬ್ಬರದ ಚೀಲ.

ಭಾರತದಲ್ಲಿ ರೋಗವು ಅಧಿಕೃತವಾಗಿ ಘೋಷಿತವಾದದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ನವಾಪುರದ ಫಾರಂಗಳಲ್ಲಿ. ಎರಡು ವರ್ಷಗಳ ಬಳಿಕ ಪಶ್ಚಿಮ ಬಂಗಾಳದಲ್ಲಿ ಅದು ಫಾರಂಗಳನ್ನು ಬಿಟ್ಟು ಹಿತ್ತಲುಗಳಿಗೇ ನುಗ್ಗಿ ಜಿಲ್ಲೆಯಿಂದ ಜಿಲ್ಲೆಗೆ ಹರಡಿತು. ಲಕ್ಷಾಂತರ ಕೋಳಿಗಳನ್ನು ಮನೆಮನೆಗೆ ಹೋಗಿ ಹಿಡಿದು ಕೊಲ್ಲಬೇಕಾಯಿತು. ಕರ್ನಾಟಕದಲ್ಲಿ ಮೊದಲು ಪೆಟ್ಟು ಬಿದ್ದದ್ದು, ಆಶ್ಚರ್ಯವೆನಿಸುವಂತೆ, ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿದ್ದ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಗೆ. 2012ರ ಅಕ್ಟೋಬರಿನಲ್ಲಿ ಅಲ್ಲಿಯ ಟರ್ಕಿಕೋಳಿಗಳು ಸಾಯತೊಡಗಿ, ರೋಗ ದೃಢಪಟ್ಟು, ಆವರಣದ ಎಲ್ಲ ಹಕ್ಕಿಗಳನ್ನೂ ನಾಶಪಡಿಸಲಾಯಿತು. ತರಬೇತಿಯೂ ಶಿಸ್ತೂ ಉಳ್ಳ ಸಂಸ್ಥೆಯ ಬೇಲಿಯನ್ನೇ ದಾಟಿದ ವೈರಾಣುವಿಗೆ ಬೇಲಿಯೇ ಇಲ್ಲದ ಹಿತ್ತಲು ಎಷ್ಟರದು ಎಂಬ ಪ್ರಶ್ನೆ ಆಗಲೇ ಏಳಬೇಕಾಗಿತ್ತು. 2016ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಹುಮನಾಬಾದ್ ತಾಲೂಕಿನ ಫಾರಂನಲ್ಲಿ ರೋಗ ಕಂಡು, ಲಕ್ಷಕ್ಕೂ ಮಿಕ್ಕ ಕೋಳಿಗಳು ಬಲಿಯಾದವು. 2017ರ ಜನವರಿಯಲ್ಲಿ ಎಚ್5ಎನ್8 ಎಂಬ ಸೋದರ ತಳಿಯ ಕಾರಣದಿಂದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವು ಸುಮಾರು ಒಂದು ತಿಂಗಳ ಕಾಲ ಬಾಗಿಲು ಮುಚ್ಚಿತು. ಮರುವರ್ಷದ ಆದಿಯಲ್ಲಿ ಬೆಂಗಳೂರಿನ ದಾಸರಹಳ್ಳಿಯ ಕೋಳಿ ಅಂಗಡಿಯೊಂದರಲ್ಲಿ ಹಕ್ಕಿಜ್ವರ ಪತ್ತೆಯಾಯಿತು. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯ ಕುರೇಕುಪ್ಪ, ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿ ಮೊದಲಾದೆಡೆ ಅದು ಪುನಃ ಕಾಣಿಸಿಕೊಂಡಿತು.

ಇವೆಲ್ಲದರ ನಡುವೆ 2020ರ ಮಾರ್ಚಿಯನ್ನು ಪ್ರತ್ಯೇಕವಾಗಿ ಸ್ಮರಿಸಬೇಕು. ಆ ತಿಂಗಳು ಕೇರಳದ ಕೋಳಿಕ್ಕೋಡು ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿಯೂ, ಕೆಲವೇ ದಿನಗಳ ಅಂತರದಲ್ಲಿ ನಮ್ಮ ಮೈಸೂರು ನಗರದ ಕುಂಬಾರಕೊಪ್ಪಲಿನಲ್ಲಿಯೂ, ದಾವಣಗೆರೆ ಜಿಲ್ಲೆಯ ಹರಿಹರ ತಾಲೂಕಿನ ಬನ್ನಿಕೋಡಿನಲ್ಲಿಯೂ ಹಕ್ಕಿಜ್ವರ ದೃಢಪಟ್ಟಿತು. ಅಂದರೆ ಕೊಡಗಿನ ಪೂರ್ವಕ್ಕೂ ದಕ್ಷಿಣಕ್ಕೂ ಏಕಕಾಲದಲ್ಲಿ ರೋಗವಿದ್ದಿತು. ಆಗಲೇ ಕೊರೊನಾ ವೈರಾಣುವಿನ ಭೀತಿಯೂ ದೇಶವನ್ನು ಹೊಕ್ಕಿತ್ತು. ಕೋಳಿ ತಿಂದರೆ ಕೊರೊನಾ ಬರುವುದೆಂಬ ನಿರಾಧಾರವಾದ ವದಂತಿಯು ಮೊಬೈಲಿನಿಂದ ಮೊಬೈಲಿಗೆ ಹಾರಿ, ಕೋಳಿಯ ಬೆಲೆ ಪಾತಾಳಕ್ಕಿಳಿದು, ಬೆಳಗಾವಿ ಜಿಲ್ಲೆಯಲ್ಲಿ ರೈತನೊಬ್ಬನು ಯಾವ ರೋಗವೂ ಇಲ್ಲದ ತನ್ನ ಸಾವಿರಾರು ಕೋಳಿಗಳನ್ನು ಮೇವು ಹಾಕಲಾರದೆ ಜೀವಂತವಾಗಿ ಗುಂಡಿಯಲ್ಲಿ ಹೂತನು. ಎರಡು ಬೇರೆ ವೈರಾಣುಗಳನ್ನು ಜನರು ಒಂದಾಗಿ ಬೆರೆಸಿಕೊಂಡ ಆ ದಿನಗಳಲ್ಲಿ, ನಿಜವಾದ ಹಕ್ಕಿಜ್ವರದ ಎಚ್ಚರಿಕೆಗೆ ಕಿವಿಗೊಡುವವರೇ ಇಲ್ಲದಂತಾಯಿತು. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿಯೂ ಮೊಟ್ಟೆಯಲ್ಲಿಯೂ ಈ ವೈರಾಣು ಉಳಿಯುವುದಿಲ್ಲ. 70 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಒಳಭಾಗವನ್ನು ಮುಟ್ಟಿದರೆ ಅದು ನಾಶವಾಗುವುದು. ಅಪಾಯವಿರುವುದು ಅದಕ್ಕೂ ಹಿಂದಿನ ಕಾರ್ಯಗಳಲ್ಲಿ: ಕುಯ್ಯುವುದು, ಬಿಸಿನೀರಿನಲ್ಲದ್ದಿ ಪುಕ್ಕ ಕೀಳುವುದು, ಕರುಳು ತೆಗೆಯುವುದು, ಮತ್ತು ಹಸಿಮಾಂಸ ಮುಟ್ಟಿದ ಕೈಯನ್ನು ತೊಳೆಯದೆ ಬಾಯಿಗೋ ಮೂಗಿಗೋ ಒಯ್ಯುವುದು.

ಕೇರಳದ ಕಡೆಯಿಂದ ಬರುವ ಭಯವು ಕೊಡಗಿಗೆ ಹೊಸದಲ್ಲ. ಆಲಪ್ಪುಳ, ಕೋಟ್ಟಯಂ ಸೀಮೆಯ ಕುಟ್ಟನಾಡಿನ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಉದುರಿದ ಕಾಳನ್ನು ಹೆಕ್ಕಲು ಬಾತುಗಳನ್ನು ಸಾವಿರಗಟ್ಟಲೆ ಅಟ್ಟಿಕೊಂಡು ಹೋಗುವ ಪದ್ಧತಿಯುಂಟು. ಜಲಪಕ್ಷಿಗಳೂ ಸಾಕುಬಾತುಗಳೂ ಒಂದೇ ನೀರನ್ನು ಹಂಚಿಕೊಳ್ಳುವ ಆ ತಗ್ಗುನೆಲದಲ್ಲಿ 2014ರಲ್ಲಿ ಎಚ್5ಎನ್1, 2016ರಲ್ಲಿಯೂ 2021ರ ಜನವರಿಯಲ್ಲಿಯೂ ಎಚ್5ಎನ್8, 2024ರಲ್ಲಿ ಮತ್ತೆ ಎಚ್5ಎನ್1 ಹೀಗೆ ರೋಗ ಮರುಕಳಿಸುತ್ತಲೇ ಬಂದಿದೆ. ಅಲ್ಲಿ ಸುದ್ದಿಯಾದೊಡನೆ ನಮ್ಮಲ್ಲಿ ವಯನಾಡಿನ ದಾರಿಯ ಕುಟ್ಟ, ಕಣ್ಣೂರಿನ ದಾರಿಯ ಮಾಕುಟ್ಟ, ಕಾಸರಗೋಡಿನ ದಾರಿಯ ಕರಿಕೆ ಎಂಬ ಮೂರು ಬಾಗಿಲುಗಳ ಮೇಲೆ ಎಲ್ಲರ ದೃಷ್ಟಿ ನೆಡುತ್ತದೆ. ಕೋಳಿ ತುಂಬಿದ ವಾಹನಗಳನ್ನು ಹಿಂದಕ್ಕೆ ಕಳುಹಿಸುವುದು, ಉಳಿದವುಗಳ ಗಾಲಿಗಳಿಗೆ ಕ್ರಿಮಿನಾಶಕವನ್ನು ಸಿಂಪಡಿಸುವುದು ನಡೆಯುತ್ತದೆ. ಇದು ಅವಶ್ಯಕವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಮಳೆಯಲ್ಲಿ, ಆನೆಗಳು ಅಡ್ಡಾಡುವ ಕಾಡಿನಂಚಿನಲ್ಲಿ, ರಾತ್ರಿಯಿಡೀ ನಿಂತು ಅದನ್ನು ನಿರ್ವಹಿಸುವ ಪಶುಪಾಲನಾ ಇಲಾಖೆಯವರ ಶ್ರಮಕ್ಕೆ ಗೌರವ ಸಲ್ಲಬೇಕು. ಆದರೆ ಕೋಳಿವ್ಯಾಪಾರದ ಹರಿವು ಬಹುಪಾಲು ನಮ್ಮಿಂದ ಕೇರಳದತ್ತ ಇರುವುದರಿಂದ, ಅತ್ತ ಕೋಳಿಯನ್ನಿಳಿಸಿ ಖಾಲಿಯಾಗಿ ಹಿಂದಿರುಗುವ ವಾಹನ, ಅದರೊಳಗಿನ ತೊಳೆಯದ ಪೆಟ್ಟಿಗೆಗಳು, ಅವುಗಳಿಗಂಟಿದ ಹಿಕ್ಕೆ ಮತ್ತು ಪುಕ್ಕ, ಇವುಗಳತ್ತ ಇರಬೇಕಾದಷ್ಟು ಲಕ್ಷ್ಯ ಇರುವುದಿಲ್ಲ.

ಇನ್ನೂ ಹೆಚ್ಚು ಅಲಕ್ಷಿತವಾದದ್ದು ಕೋಳಿಗೊಬ್ಬರ. ಕಾಫಿಗೂ ಮೆಣಸಿಗೂ ಶುಂಠಿಗೂ ಅದು ಒಳ್ಳೆಯ ಗೊಬ್ಬರವೆಂದು ಹೊರಜಿಲ್ಲೆಗಳ ಫಾರಂಗಳಿಂದ ಲಾರಿಗಳಲ್ಲಿ ತರಿಸಿ ತೋಟದ ಬದಿಯಲ್ಲಿ ರಾಶಿಹಾಕಿಸುವುದು ಸರ್ವೇಸಾಮಾನ್ಯ. ಅಲ್ಲಿಯೇ ಲೈನ್‌ಮನೆಯ ಕೋಳಿಗಳು ಹುಳು ಹುಡುಕಿ ಕೆದಕುವುದೂ ಅಷ್ಟೇ ಸಾಮಾನ್ಯ. ಹಿಕ್ಕೆಯಲ್ಲಿರುವ ಎಚ್5ಎನ್1 ವೈರಾಣುವು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 6 ದಿನ ಉಳಿದರೆ, 4 ಡಿಗ್ರಿಯ ಶೈತ್ಯದಲ್ಲಿ 35 ದಿನಗಳವರೆಗೂ ಉಳಿಯಬಲ್ಲುದು. ಕೊಡಗಿನ ಚಳಿಗಾಲವೂ ಮರಗಳ ನೆರಳಿನ ತೇವವೂ ಈ ಎರಡರಲ್ಲಿ ಯಾವುದಕ್ಕೆ ಅನುಕೂಲವೆಂಬುದನ್ನು ಯಾರಾದರೂ ಊಹಿಸಬಹುದು. ಗೊಬ್ಬರವನ್ನು ತಂದೊಡನೆ ಒತ್ತಾಗಿ ರಾಶಿಹಾಕಿ ಟಾರ್ಪಾಲು ಮುಚ್ಚಿ, ತನ್ನ ಕಾವಿನಿಂದ ತಾನೇ ಕಳಿಯುವಂತೆ ಬಿಟ್ಟು, ಆಮೇಲೆ ಬಳಸುವುದು ಗಿಡಕ್ಕೂ ಹಿತ, ಕೋಳಿಗೂ ಹಿತ. ತೋಟದ ಮಾಲೀಕರು ಇದಕ್ಕಾಗಿ ಯಾವ ಸರ್ಕಾರಿ ಆಜ್ಞೆಯನ್ನೂ ಕಾಯಬೇಕಾಗಿಲ್ಲ.

ಮನುಷ್ಯರ ವಿಷಯಕ್ಕೆ ಬರೋಣ. 2003ರಿಂದ ಈಚೆಗೆ ಜಗತ್ತಿನಲ್ಲಿ ಎಚ್5ಎನ್1 ಸೋಂಕು ದೃಢಪಟ್ಟವರು 900ಕ್ಕೂ ಹೆಚ್ಚು ಮಂದಿ; ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮರಣಹೊಂದಿದರು. ಸೋಂಕು ಇಷ್ಟು ವಿರಳವಾಗಿಯೂ ಇಷ್ಟು ಘೋರವಾಗಿಯೂ ಇರುವುದಕ್ಕೆ ಒಂದೇ ಕಾರಣ ಉಂಟು. ಹಕ್ಕಿಯ ವೈರಾಣುವು ಅಂಟಿಕೊಳ್ಳುವ ಬಗೆಯ ಗ್ರಾಹಿಗಳು ಮನುಷ್ಯನ ಮೂಗು ಗಂಟಲುಗಳಲ್ಲಿ ಅಲ್ಪವಾಗಿಯೂ ಶ್ವಾಸಕೋಶದ ಆಳದಲ್ಲಿ ಅಧಿಕವಾಗಿಯೂ ಇವೆ. ಆದುದರಿಂದ ಅದು ಸುಲಭವಾಗಿ ತಗಲದು, ಕೆಮ್ಮಿದರೂ ಸುಲಭವಾಗಿ ಇನ್ನೊಬ್ಬರಿಗೆ ದಾಟದು. ಆದರೆ ಆಳಕ್ಕೆ ಇಳಿದುದಾದರೆ ಉಗ್ರವಾದ ನ್ಯುಮೋನಿಯಾ ಆಗಿ ಪರಿಣಮಿಸುವುದು. ವೈರಾಣುವಿನ ವಂಶಸೂತ್ರವು ಎಂಟು ಬಿಡಿ ತುಂಡುಗಳಾಗಿರುವ ಕಾರಣ, ಎರಡು ತಳಿಗಳು ಒಂದೇ ಜೀವಕೋಶವನ್ನು ಹೊಕ್ಕಾಗ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು. 1957 ಮತ್ತು 1968ರ ಜಾಗತಿಕ ಇನ್‌ಫ್ಲುಯೆಂಜಗಳು ಹಕ್ಕಿಯ ತಳಿಯಿಂದ ಬಂದ ತುಂಡುಗಳನ್ನು ಪಡೆದೇ ಹುಟ್ಟಿದವು. ವಿಜ್ಞಾನಿಗಳ ಕಳವಳಕ್ಕೆ ಮೂಲ ಇದು.

ಭಾರತದಲ್ಲಿ ಎಚ್5ಎನ್1ದಿಂದ ಮೃತನಾದ ಮೊದಲ ವ್ಯಕ್ತಿ ಹರಿಯಾಣದ 11 ವರ್ಷದ ಬಾಲಕ. 2021ರ ಜುಲೈಯಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಅವನು ತೀರಿಕೊಂಡನು. 2025ರ ಮಾರ್ಚಿಯಲ್ಲಿ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಹೆಣ್ಣುಮಗುವೊಂದು ಮಂಗಳಗಿರಿಯ ಏಮ್ಸ್‌ನಲ್ಲಿ ಅಸುನೀಗಿತು. ಮನೆಯಲ್ಲಿ ಕೋಳಿ ಹಸನು ಮಾಡುವಾಗ ಹಸಿಮಾಂಸದ ಒಂದು ಚೂರನ್ನು ಅದು ತಿಂದಿತ್ತೆಂದು ವರದಿಯಾಯಿತು. ಅಡುಗೆಗಾಗಿ ಕೋಳಿ ಕುಯ್ಯುವಾಗ ಮಕ್ಕಳು ಸುತ್ತ ನೆರೆದು ನೋಡುವುದು, ಗರಿಗಾಗಿ ಕೈಚಾಚುವುದು, ಕೇಳಿ ಒಂದು ತುಂಡನ್ನು ಈಸಿಕೊಳ್ಳುವುದು ಯಾವ ಊರಿನಲ್ಲಿ ಇಲ್ಲ? ಈ ಒಂದು ಪ್ರಕರಣವನ್ನು ಓದಿದ ಮೇಲೆ ನಮ್ಮ ಹಿತ್ತಲುಗಳನ್ನು ಮೊದಲಿನ ನಿಶ್ಚಿಂತೆಯಿಂದ ನೋಡುವುದು ನನಗೆ ಆಗಿಲ್ಲ.

ಈಚಿನ ವರ್ಷಗಳಲ್ಲಿ ಈ ತಳಿಯ ಒಂದು ಶಾಖೆಯು ಹಿಂದೆಂದೂ ಕಾಣದಷ್ಟು ದೂರಕ್ಕೆ ವ್ಯಾಪಿಸಿದೆ. ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕ ಖಂಡಗಳನ್ನು ಹೊಕ್ಕು, 2023ರಲ್ಲಿ ಅರ್ಜೆಂಟೀನಾದ ಕಡಲತೀರದಲ್ಲಿ ಆನೆಸೀಲ್‌ಗಳ ಸಾವಿರಾರು ಮರಿಗಳನ್ನು ಕೊಂದು, 2024ರಲ್ಲಿ ಅಂಟಾರ್ಕ್ಟಿಕಾದ ನೆಲವನ್ನೂ ಮುಟ್ಟಿ, ಅದೇ ವರ್ಷ ಅಮೆರಿಕದ ಹಾಲಿನ ಹಸುಗಳ ಕೆಚ್ಚಲನ್ನು ಸೇರಿತು. ನಮ್ಮ ದೇಶದಲ್ಲಿ 2025ರ ಜನವರಿಯ ಹೊತ್ತಿಗೆ ನಾಗಪುರದ ಗೋರೆವಾಡಾ ರಕ್ಷಣಾಕೇಂದ್ರದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಎಚ್5ಎನ್1ದಿಂದ ಸತ್ತುದು ಬೆಳಕಿಗೆ ಬಂದಿತು. ನಾಗರಹೊಳೆಯ ಹುಲಿಗಳ ನೆರೆಯಲ್ಲಿ ಬಾಳುವ ನಮಗೆ ಇದು ಪರಸ್ಥಳದ ಸುದ್ದಿಯಾಗಿ ಉಳಿಯಲಾರದು.

ಪ್ರಾಣಿಗಳ ಸಾವನ್ನು ಮನುಷ್ಯರಿಗೆ ಬಂದ ಮುನ್ಸೂಚನೆಯೆಂದು ಓದುವ ಪಾಠವನ್ನು ಕನ್ನಡನಾಡು ಬಹಳ ಹಿಂದೆಯೇ ಕಲಿತಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳುತ್ತಿದ್ದುದೂ ಸುತ್ತಲ ಹಳ್ಳಿಗರು ಜ್ವರದಿಂದ ನರಳುತ್ತಿದ್ದುದೂ ಒಂದೇ ಮೂಲದ್ದೆಂದು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಕಂಡುಹಿಡಿದರು. ಅಂದಿನಿಂದ ಮಲೆನಾಡಿನಲ್ಲಿ ಸತ್ತ ಮಂಗವನ್ನು ಕಂಡವನು ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ರೂಢಿಗೆ ಬಂದಿದೆ. ಅಲ್ಲಿ ತಿಳಿಸಿದವನಿಗೆ ನಷ್ಟವೇನೂ ಇಲ್ಲ, ಮಂಗವು ಯಾರ ಸ್ವತ್ತೂ ಅಲ್ಲ. ಕೋಳಿಯಾದರೋ ಒಬ್ಬರ ಸ್ವತ್ತು. ಹಕ್ಕಿಜ್ವರದ ನಿಯಂತ್ರಣದ ಕಷ್ಟವೆಲ್ಲ ಈ ವ್ಯತ್ಯಾಸದಲ್ಲಿ ಅಡಗಿದೆ.

ಕೇಂದ್ರದ ಕಾರ್ಯಯೋಜನೆಯಂತೆ ನಿಯಂತ್ರಣದ ಕ್ರಮ ಹೀಗೆ. ಸಂಶಯ ಬಂದೆಡೆ ಪಶುವೈದ್ಯರು ಹಕ್ಕಿಯ ಶ್ವಾಸನಾಳದಿಂದಲೂ ಗುದದ್ವಾರದಿಂದಲೂ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು, ಮಂಜುಗಡ್ಡೆಯೊಡನೆ ಪದರುಪದರಾಗಿ ಕಟ್ಟಿ ಕಳುಹಿಸುವರು. ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಾದೇಶಿಕ ಪ್ರಯೋಗಾಲಯವಿದ್ದರೂ, ಅಂತಿಮವಾಗಿ ದೃಢಪಡಿಸುವುದು ಭೋಪಾಲದ ರಾಷ್ಟ್ರೀಯ ಉಚ್ಚಸುರಕ್ಷಾ ಪಶುರೋಗ ಸಂಸ್ಥೆ. ದೃಢಪಟ್ಟರೆ, ರೋಗಸ್ಥಾನದಿಂದ 1 ಕಿಲೋಮೀಟರು ತ್ರಿಜ್ಯದ ಪ್ರದೇಶವನ್ನು ಸೋಂಕಿತ ವಲಯವೆಂದೂ 10 ಕಿಲೋಮೀಟರಿನವರೆಗೆ ಕಣ್ಗಾವಲು ವಲಯವೆಂದೂ ಘೋಷಿಸಿ, ಒಳವಲಯದ ಎಲ್ಲ ಸಾಕುಹಕ್ಕಿಗಳನ್ನೂ, ಆರೋಗ್ಯವಾಗಿರುವವನ್ನೂ ಸೇರಿಸಿ, ಕೊಲ್ಲುವರು. ಮೈತುಂಬ ರಕ್ಷಾಕವಚ ತೊಟ್ಟ ತಂಡವು ಮನೆಮನೆಗೆ ಹೋಗಿ ಕೋಳಿಗಳನ್ನು ಹಿಡಿದು ಕತ್ತು ಮುರಿದು ಚೀಲಕ್ಕೆ ತುಂಬುವುದು. ಆಳವಾದ ಗುಂಡಿಯಲ್ಲಿ ಸುಣ್ಣದ ಪದರಗಳ ನಡುವೆ ಹೂಳುವುದು. ಮೊಟ್ಟೆ, ಮೇವು, ಹಿಕ್ಕೆ ಎಲ್ಲವೂ ಅದೇ ಗುಂಡಿಗೆ. ತಂಡದವರಿಗೆ ಮುಂಜಾಗ್ರತೆಯಾಗಿ ಒಸೆಲ್ಟಾಮಿವಿರ್ ಮಾತ್ರೆಗಳನ್ನು ಕೊಟ್ಟು, ಹಲವು ದಿನ ಜ್ವರ ಬರುವುದೇ ಎಂದು ಗಮನಿಸುವರು. ಬಳಿಕ ತಿಂಗಳುಗಳ ಕಾಲ ಅಲ್ಲಿ ಹೊಸ ಕೋಳಿಯನ್ನು ತರುವಂತಿಲ್ಲ. ಕೊಡಗಿನಂತೆ ಮನೆಗಳು ಒತ್ತಾಗಿರದೆ ತೋಟಕ್ಕೊಂದು ಗದ್ದೆಗೊಂದು ಎಂದು ಚದುರಿರುವ ನಾಡಿನಲ್ಲಿ, ಮರದ ಮೇಲೆ ಮಲಗುವ ನಾಟಿಕೋಳಿಗಳನ್ನು ಒಂದೂ ಬಿಡದೆ ಹಿಡಿಯುವುದು ಎಂಥ ಕೆಲಸವೆಂಬುದು ಹಿಡಿಯಲು ಯತ್ನಿಸಿದವರಿಗೆ ಗೊತ್ತು.

ಪರಿಹಾರವನ್ನು ಕೇಂದ್ರವೂ ರಾಜ್ಯವೂ ಸಮಪಾಲಾಗಿ ಭರಿಸುವುವು. ಆದರೆ ಆ ಪರಿಹಾರವು ಸರ್ಕಾರವು ಕೊಲ್ಲಿಸಿದ ಹಕ್ಕಿಗೆ ಮಾತ್ರ. ಅದಕ್ಕೆ ಮುನ್ನ ರೋಗದಿಂದ ತಾನಾಗಿ ಸತ್ತ ಹಕ್ಕಿಗೆ ಏನೂ ಇಲ್ಲ. ಈ ನಿಯಮದ ಪರಿಣಾಮವನ್ನು ಆಲೋಚಿಸೋಣ. ಹನ್ನೆರಡು ಕೋಳಿ ಸಾಕಿದ ಒಬ್ಬ ಹೆಂಗಸಿನ ಒಂಬತ್ತು ಕೋಳಿ ಸತ್ತು, ಆಕೆ ಪಶು ಆಸ್ಪತ್ರೆಗೆ ತಿಳಿಸಿದಳೆನ್ನಿ. ಆಕೆಗೆ ಸಿಗುವುದು ಉಳಿದ ಮೂರರ ಬೆಲೆ. ಅದರ ಜೊತೆಗೆ, ತನ್ನಿಂದಾಗಿ ನೆರೆಹೊರೆಯ ಸಮಸ್ತ ಕೋಳಿಗಳೂ ಗುಂಡಿಗೆ ಹೋದವೆಂಬ ಊರಿನವರ ನಿಷ್ಠುರ. ಸುಮ್ಮನಿದ್ದು, ಉಳಿದ ಮೂರನ್ನು ಸಂತೆಯಲ್ಲಿ ಮಾರಿದರೆ ಹೆಚ್ಚು ಹಣ, ನಿಷ್ಠುರವೂ ಇಲ್ಲ. ಬಂಗಾಳದಲ್ಲಿ ಜನ ಕೋಳಿಗಳನ್ನು ಅಡಗಿಸಿದರು, ರಾತ್ರೋರಾತ್ರಿ ಬೇರೆ ಊರಿಗೆ ಸಾಗಿಸಿದರು ಎಂದು ಅವರನ್ನು ನಿಂದಿಸುವವರಿದ್ದಾರೆ. ಆ ನಿಂದೆಯಲ್ಲಿ ನಾನು ಪಾಲ್ಗೊಳ್ಳಲಾರೆ. ತಪ್ಪು ಅವರದಲ್ಲ, ಪ್ರಾಮಾಣಿಕಳಾದವಳಿಗೇ ದಂಡ ವಿಧಿಸುವ ಲೆಕ್ಕಾಚಾರದ್ದು.

ಲಸಿಕೆ ಇದಕ್ಕೆ ಪರಿಹಾರವಾಗಬಹುದಲ್ಲವೆ ಎಂಬ ಪ್ರಶ್ನೆ ಸಹಜ. ಚೀನಾ ದೇಶವು ಬಹುಕಾಲದಿಂದ ಕೋಳಿಗಳಿಗೆ ಎಚ್5 ಲಸಿಕೆಯನ್ನು ಹಾಕುತ್ತಿದೆ. 2013ರಿಂದ 1500ಕ್ಕೂ ಹೆಚ್ಚು ಜನರಿಗೆ ತಗಲಿದ ಎಚ್7ಎನ್9 ಎಂಬ ಇನ್ನೊಂದು ತಳಿಯು, 2017ರಲ್ಲಿ ಕೋಳಿಗಳಿಗೆ ಲಸಿಕೆ ಆರಂಭವಾದ ಮೇಲೆ ಮನುಷ್ಯರಲ್ಲಿ ಬಹುತೇಕ ಅದೃಶ್ಯವಾದದ್ದು ಅಲ್ಲಿಯ ದೊಡ್ಡ ಸಾಧನೆ. ಫ್ರಾನ್ಸ್ 2023ರಿಂದ ಬಾತುಗಳಿಗೆ ಲಸಿಕೆ ಕೊಡುತ್ತಿದೆ. ಭಾರತವು ಉಗ್ರ ತಳಿಗಳಿಗೆ ಲಸಿಕೆಯ ನೀತಿಯನ್ನು ಈವರೆಗೆ ಒಪ್ಪಿಲ್ಲ. ಲಸಿಕೆ ಪಡೆದ ಹಕ್ಕಿಯು ಸಾಯದೆ ವೈರಾಣುವನ್ನು ಗುಟ್ಟಾಗಿ ಹರಡಬಹುದೆಂಬ ಶಂಕೆ ಒಂದು, ರಫ್ತಿಗೆ ಬರುವ ಅಡ್ಡಿ ಇನ್ನೊಂದು. ದೊಡ್ಡ ಫಾರಂಗಳ ಮಟ್ಟಿಗೆ ಈ ನೀತಿಯನ್ನು ಪುನಃ ಪರಿಶೀಲಿಸುವ ಕಾಲ ಬಂದಿದೆಯೆಂದು ನನಗೆ ತೋರುತ್ತದೆ. ಆದರೆ ಕೊಕ್ಕರೆ ರೋಗದ ಲಸಿಕೆಯನ್ನೇ ಹಿತ್ತಲಿನ ಎಲ್ಲ ಕೋಳಿಗಳಿಗೆ ಕಾಲಕಾಲಕ್ಕೆ ಮುಟ್ಟಿಸಲಾಗದಿರುವಾಗ, ಇನ್ನೊಂದು ಲಸಿಕೆಯನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಅದಕ್ಕಿಂತ ಮೊದಲು ಇದನ್ನೇ ಶ್ರದ್ಧೆಯಿಂದ ಮಾಡಿದರೆ ಒಂದು ದೊಡ್ಡ ಲಾಭವುಂಟು. ಕೊಕ್ಕರೆ ರೋಗಕ್ಕೆ ಲಸಿಕೆಯಾದ ಗೂಡಿನಲ್ಲಿ ಕೋಳಿಗಳು ಸಾಲಾಗಿ ಸತ್ತರೆ, ಕಾರಣ ಬೇರೆ ಇದ್ದೀತೆಂಬ ಅನುಮಾನವು ಸಾಕಿದವರಿಗೇ ಮೊದಲು ಹುಟ್ಟುವುದು.

ಆ ಅನುಮಾನವು ಹುಟ್ಟಿದ ದಿನವೇ ಪಶುವೈದ್ಯರನ್ನು ಮುಟ್ಟಬೇಕಾದರೆ ದಾರಿಗಳು ಇಲ್ಲದಿಲ್ಲ. ಪಂಚಾಯತಿ ಮಟ್ಟದಲ್ಲಿ ಪಶುಸಖಿಯರಿದ್ದಾರೆ. ಪಶು ಸಂಜೀವಿನಿ ವಾಹನವನ್ನು ಕರೆಯಲು 1962 ಎಂಬ ದೂರವಾಣಿ ಸಂಖ್ಯೆಯಿದೆ. ಜ್ವರ ಬಂದ ಮಗುವಿನ ಮನೆಯಲ್ಲಿ ಕೋಳಿ ಸತ್ತಿವೆಯೇ ಎಂಬ ಒಂದು ಪ್ರಶ್ನೆಯನ್ನು ಕೇಳಲು ಆಶಾ ಕಾರ್ಯಕರ್ತೆಗೂ ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರಿಗೂ ಹೆಚ್ಚಿನ ಶ್ರಮವಿಲ್ಲ. ಇಲ್ಲದಿರುವುದು ತಿಳಿಸಿದವಳಿಗೆ ನಷ್ಟವಾಗದೆಂಬ ಭರವಸೆ. ಮೊದಲು ವರದಿ ಮಾಡಿದ ಮನೆಯಲ್ಲಿ ರೋಗದಿಂದ ಸತ್ತ ಕೋಳಿಗಳಿಗೂ ಕೊಂದ ಕೋಳಿಗಳಷ್ಟೇ ಬೆಲೆಯನ್ನು, ಅದೂ ನಾಟಿಕೋಳಿಗೆ ಸಂತೆಯಲ್ಲಿ ಸಲ್ಲುವ ಬೆಲೆಯನ್ನು, ಕೊಲ್ಲುವ ತಂಡವು ಅಂಗಳಕ್ಕೆ ಬಂದ ದಿನವೇ ಕೈಗೆ ಕೊಡುವ ಏರ್ಪಾಡಾಗಬೇಕು; ಅನಂತರದ ತಿಂಗಳುಗಳ ನಿರ್ಬಂಧ ಮುಗಿದೊಡನೆ, ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ಹಿತ್ತಲಿಗೆ ಒಗ್ಗುವ ತಳಿಯ ಮರಿಗಳನ್ನು ಆ ಮನೆಗಳಿಗೇ ಮೊದಲು ಒದಗಿಸಬೇಕು. ಕೇಂದ್ರದ ಕಾರ್ಯಯೋಜನೆ ತಿದ್ದುಪಡಿಯಾಗುವವರೆಗೆ ಇದರ ವೆಚ್ಚವನ್ನು ರಾಜ್ಯ ಸರ್ಕಾರವೇ ಹೊರಬಹುದು. ಗಡಿಯ ಜಿಲ್ಲೆಗಳಾದ ಕೊಡಗು, ಮೈಸೂರು, ಚಾಮರಾಜನಗರ, ದಕ್ಷಿಣ ಕನ್ನಡಗಳಲ್ಲಿ, ವಲಸೆಹಕ್ಕಿಗಳು ಬಂದಿಳಿಯುವ ಕಾರ್ತಿಕ ಮಾಸಕ್ಕೆ ಮುನ್ನವೇ ಇದನ್ನು ಆರಂಭಿಸುವುದು ಯುಕ್ತ.